ಕುಶಾಲನಗರಕ್ಕೆ ರೈಲೋ, ಹಳ್ಳಿಗೆ ಮಿನಿ ಬಸ್ಸೋ?

ಗ್ರಾಮಸಭೆಯಲ್ಲಿ ಯಾವ ಬೇಡಿಕೆಗೆ ದನಿಗೂಡಿಸಬೇಕೆಂದು ಯೋಚಿಸುತ್ತಿರುವ ಕೊಡಗಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರಸ್ತಾವಿತ ಮೈಸೂರು–ಕುಶಾಲನಗರ ರೈಲು ಮಾರ್ಗ ಸುಮಾರು 87 ಕಿಲೋಮೀಟರ್. ಬಂದರೆ ಮೈಸೂರಿನ ಆಸ್ಪತ್ರೆ, ಕಾಲೇಜುಗಳಿಗೆ ಹೋಗುವವರಿಗೆ ದೊಡ್ಡ ಅನುಕೂಲ. ಆದರೆ ತೀರ್ಮಾನ ದೆಹಲಿಯದು, ಭೂಸ್ವಾಧೀನಕ್ಕೇ ವರ್ಷಗಳು ಬೇಕು. ರೈಲು ಬಂದರೂ ಘಟ್ಟದ ಬುಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮಡಿಕೇರಿಗೆ ಇನ್ನೂ ಸುಮಾರು 30 ಕಿಲೋಮೀಟರ್ ಏರಬೇಕು.

ಮಿನಿ ಬಸ್ಸಿನ ಕಥೆ ಬೇರೆ. ಭಾಗಮಂಡಲ, ನಾಪೋಕ್ಲು ಕಡೆಯ ಕಿರಿದಾದ ತಿರುವುಗಳಲ್ಲಿ ದೊಡ್ಡ ಬಸ್ಸಿಗಿಂತ ಅದೇ ಸಲೀಸು. ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತ ಶಾಲಾ ಮಕ್ಕಳನ್ನು, ಸಂತೆಯ ಚೀಲ ಕಾಲ ಬಳಿ ಇಟ್ಟುಕೊಂಡು ಜೀಪಿಗಾಗಿ ಕಾಯುವ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹೆಂಗಸರನ್ನು ನೋಡಿದವರಿಗೆ ಇದರ ತುರ್ತು ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಸರ್ಕಾರಿ ಬಸ್ಸೇ ಬಾರದ ಊರಿಗೆ ಆ ಯೋಜನೆ ತಲುಪಿಯೇ ಇಲ್ಲ. ಇದು ಅನ್ಯಾಯ.

ಬಸ್ಸಿಗೂ ತೊಡಕುಗಳಿವೆ: ಆದಾಯ ಕಡಿಮೆ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಂಚಾರ ಬಂದ್. 2018ರ ಆಗಸ್ಟ್‌ನ ಭೂಕುಸಿತವನ್ನು ಯಾರೂ ಮರೆತಿಲ್ಲ. ಹಾಗಿದ್ದರೂ ನನ್ನ ಮತ ಬಸ್ಸಿಗೇ.

ಊರೂರಿಗೆ ಓಡಾಡುವವರು ನೀವಲ್ಲ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವವರು ಎಂದಾದರೆ ರೈಲನ್ನು ಕೇಳಿ, ಅದೂ ನ್ಯಾಯವೇ. ಬಸ್ ಬೇಕೆಂದರೆ ಬರೀ ‘ಬಸ್ ಬಿಡಿ’ ಎನ್ನಬೇಡಿ. ಮಾರ್ಗ, ಹೊರಡುವ ಹೊತ್ತು, ಹತ್ತುವವರ ಅಂದಾಜು ಬರೆದು ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಡಿಪೊಗೂ ಶಾಸಕರಿಗೂ ಕೊಡಿ.