ಹಳೇ ಎಸಿ ರಿಪೇರಿಯೋ, ಹೊಸದೋ? ಎರಡನ್ನೂ ಮಾಡಿಸಿ ನೋಡಿದೆವು

ಮಂಗಳೂರಿನ ನಮ್ಮ ಮನೆಯಲ್ಲಿ ಎರಡು ಹಳೇ ಸ್ಪ್ಲಿಟ್ ಎಸಿಗಳಿದ್ದವು. ಎರಡೂ ಒಂದೂವರೆ ಟನ್, ತಂಪು ಮಾಡಲು ಆರ್-22 ಎಂಬ ಹಳೇ ಬಗೆಯ ಗ್ಯಾಸ್ ಬಳಸುವಂಥವು. ಒಂದೇ ಬೇಸಿಗೆಯಲ್ಲಿ ಎರಡೂ ಕೈಕೊಟ್ಟವು. ಹಾಲ್‌ನಲ್ಲಿ (ನಡುಮನೆಯಲ್ಲಿ) ಇದ್ದದ್ದನ್ನು ರಿಪೇರಿ ಮಾಡಿಸಿದೆವು, ಮಲಗುವ ಕೋಣೆಯದನ್ನು ಬದಲಾಯಿಸಿದೆವು.

ಹಾಲಿನದು ಸುಲಭದ ಕೆಲಸ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಸ್ಟಾರ್ಟ್ ಆಗುತ್ತಿರಲಿಲ್ಲ. ಅದು ಸ್ಟಾರ್ಟ್ ಆಗಲು ನೆರವಾಗುವ ಸಣ್ಣ ಭಾಗ, ಕೆಪಾಸಿಟರ್, ಹೋಗಿತ್ತು. ಸಾವಿರ ರೂಪಾಯಿಯೊಳಗೆ ಸರಿಹೋಯಿತು. ಇಷ್ಟಕ್ಕೆಲ್ಲ ಹೊಸ ಎಸಿ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ.

ಕೋಣೆಯದು ತಣ್ಣಗೇ ಆಗುತ್ತಿರಲಿಲ್ಲ. 'ಗ್ಯಾಸ್ ಖಾಲಿ, ತುಂಬಿಸೋಣ' ಅಂದರು ಮೆಕ್ಯಾನಿಕ್. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ, ಅಲ್ವಾ? ಇದ್ದದ್ದೇ ಒಳಗೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದರೆ ದುಡ್ಡು ಸುಮ್ನೆ ಗಾಳಿಗೆ ಹೋಗುತ್ತದೆ. ನೈಟ್ರೋಜನ್ ಹಾಕಿ ಪ್ರೆಶರ್ ಟೆಸ್ಟ್ ಮಾಡಿ ಅಂತ ಪಟ್ಟು ಹಿಡಿದೆ. ಸೋಪಿನ ನೊರೆ ಹಚ್ಚಿದಾಗ ಹೊರಗಿನ ಯೂನಿಟ್ಟಿನ ಕೊಳವೆಗಳ ಸುರುಳಿ ಅಂದರೆ ಕಾಯಿಲ್‌ನಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದವು. ಕಡಲ ಉಪ್ಪುಗಾಳಿ ಅದನ್ನು ತಿಂದುಹಾಕಿತ್ತು. ಒಂದು ಜಾಯಿಂಟ್ ಸೋರಿದ್ದರೆ ಬೆಸುಗೆ ಹಾಕಿಸಬಹುದಿತ್ತು. ಇಲ್ಲಿ ಇಡೀ ಕಾಯಿಲ್ ಬೇಕು, ಹಳೇ ಮಾಡೆಲ್‌ಗೆ ಅದು ಸಿಗುವುದೇ ಕಷ್ಟ. ಮೇಲಾಗಿ ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಡಿ ಆರ್-22 ಹಂತಹಂತವಾಗಿ ಬಳಕೆಯಿಂದ ಹೋಗುತ್ತಿದೆ. ಅದರ ಬದಲು ಈಗಿನ ಆರ್-32 ಹಾಕಲು ಆಗುವುದಿಲ್ಲ. ಅದರ ಒತ್ತಡ ತುಂಬಾ ಜಾಸ್ತಿ, ಬೆಂಕಿ ಹತ್ತುವ ಗುಣವೂ ಇದೆ.

ಹೊಸದು 5 ಸ್ಟಾರ್ ಇನ್ವರ್ಟರ್. ಕೋಣೆ ತಣ್ಣಗಾದ ಮೇಲೆ ಇದರ ಕಂಪ್ರೆಸರ್ ವೇಗ ಇಳಿಸಿಕೊಂಡು ಓಡುತ್ತದೆ. ಹಳೆಯದು ಓಡಿದಷ್ಟು ಹೊತ್ತೂ ಪೂರ್ತಿ ಕರೆಂಟ್ ಎಳೆಯುತ್ತಿತ್ತು. ರಾತ್ರಿಯಿಡೀ ಹಾಕುವ ಕೋಣೆಯಲ್ಲಿ ಈ ವ್ಯತ್ಯಾಸ ಬಿಲ್ಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸ್ಟಾರ್ ಲೇಬಲ್ ಮೇಲಿನ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆಯದು. ನೀವು ಎಷ್ಟು ಗಂಟೆ ಹಾಕುತ್ತೀರಿ ನೋಡಿಕೊಂಡು ಅದೇ ಪ್ರಮಾಣದಲ್ಲಿ ಹೆಚ್ಚು-ಕಡಿಮೆ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್‌ನಲ್ಲಿ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದದ್ದೂ ಕೊಳ್ಳುವವರಿಗೆ ಅನುಕೂಲ. ಆದರೆ ಇನ್ವರ್ಟರ್‌ನ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಹೋದರೆ ಖರ್ಚು ದೊಡ್ಡದು. ಅದರ ವಾರಂಟಿ ಎಷ್ಟು ವರ್ಷ ಅಂತ ಕೇಳಿಯೇ ಕೊಳ್ಳಿ. ಕೂರಿಸುವಾಗ ಹಳೇ ತಾಮ್ರದ ಪೈಪ್ ಬಳಸಲು ಬಿಡಬೇಡಿ, ಪೈಪಿನೊಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿಸಿ.

ಹಾಲಿನ ಎಸಿ ಹಾಕುವುದು ನೆಂಟರು ಬಂದಾಗ ಮಾತ್ರ. ಅದರ ಕಂಪ್ರೆಸರ್ ಅಥವಾ ಕಾಯಿಲ್ ಹೋಗುವವರೆಗೆ ಅದನ್ನೇ ಇಟ್ಟುಕೊಳ್ಳುತ್ತೇವೆ.