ಸೀಲರ್‌ಗೆ ಔಷಧಿ ಬೆರೆಸಿ ಕೆಡಿಸಿಕೊಳ್ಳಬೇಡಿ

ಕೆಳಗಿನ ಮೊದಲ ದವಡೆಹಲ್ಲು. ರೂಟ್ ಕೆನಾಲ್ ಆಗಿ ವರ್ಷ ತುಂಬಿರಲಿಲ್ಲ, ವಸಡಿನ ಮೇಲೆ ಕೀವಿನ ಗುಳ್ಳೆ. ಎಕ್ಸ್‌ರೇಯಲ್ಲಿ ತುದಿಯವರೆಗೂ ಬೆಳ್ಳಗೆ ತುಂಬಿಕೊಂಡಿತ್ತು. ತೆರೆದು ಗಟ್ಟಾ ಪರ್ಚಾ (ಕೆನಾಲ್ ತುಂಬುವ ರಬ್ಬರಿನಂಥ ಕಡ್ಡಿ) ಹಿಡಿದೆಳೆದರೆ ಇಡೀ ಕೋನ್ ಒದ್ದೆಯಾಗಿ, ನಾರುತ್ತಾ ಸಲೀಸಾಗಿ ಈಚೆ ಬಂತು. ಅದರ ಮೇಲಿದ್ದ ಸೀಲರ್, ಅಂದರೆ ಕೋನ್ ಮತ್ತು ಕೆನಾಲ್ ಗೋಡೆಯ ನಡುವಿನ ಸಂದು ಮುಚ್ಚುವ ಪೇಸ್ಟ್, ಪ್ರೋಬ್ ತಾಗಿಸಿದರೆ ಅಂಟಂಟು. ಕಲಸುವಾಗ 'ಬ್ಯಾಕ್ಟೀರಿಯಾ ಸಾಯಲಿ' ಎಂದು ಎಪಾಕ್ಸಿ ಸೀಲರ್‌ಗೆ (ಎರಡು ಪೇಸ್ಟ್ ಬೆರೆತು ಗಟ್ಟಿಯಾಗುವ ರೆಸಿನ್) ಚಿಟಿಕೆ ಆಂಟಿಬಯಾಟಿಕ್ ಪುಡಿ ಸೇರಿತ್ತು, ಎರಡು ಪೇಸ್ಟುಗಳ ಅಳತೆ ಕಣ್ಣಂದಾಜು.

ಎಕ್ಸ್‌ರೇ ಬಿಳುಪಿಗೆ ಮರುಳಾಗಬೇಡಿ. ಸೀಲರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6876 ಕೇಳುವುದು ಕನಿಷ್ಠ 3 ಮಿ.ಮೀ. ಅಲ್ಯೂಮಿನಿಯಂನಷ್ಟು ಬಿಳುಪು, ಅದನ್ನು ಕೊಡುವುದು ಜಿರ್ಕೋನಿಯಂ, ಬಿಸ್ಮತ್‌ನಂಥ ಭಾರದ ಸಂಯುಕ್ತಗಳು. ಸೀಲರ್ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಪುಡಿ ಬೆರೆಸಿದರೆ ಆಗುವುದಿಷ್ಟು. ಅದು ರೆಸಿನ್ ಜಾಲದೊಳಗೆ ಸೇರಿಕೊಳ್ಳುವುದಿಲ್ಲ, ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ತೇವ ತಗುಲಿದಾಗ ಕರಗಿ ಹೋಗಿ, ಅದಿದ್ದ ಜಾಗ ತೂತಾಗುತ್ತದೆ. ಅದೇ ಐಎಸ್‌ಒ ಪ್ರಕಾರ 24 ಗಂಟೆಯಲ್ಲಿ ಕರಗುವಿಕೆ ತೂಕದ 3% ಮೀರಬಾರದು, ಪದರದ ದಪ್ಪ 50 ಮೈಕ್ರಾನ್ ಮೀರಬಾರದು. ಹರಿವಿನ ಪರೀಕ್ಷೆಯಲ್ಲಿ 0.05 ಮಿ.ಲೀ. ಸೀಲರ್ ಒಟ್ಟು 120 ಗ್ರಾಂ ಭಾರದಡಿ ಕನಿಷ್ಠ 17 ಮಿ.ಮೀ. ಅಗಲಕ್ಕೆ ಹರಡಬೇಕು. ಕಾಳು ಕಾಳಾದ ಪುಡಿ ಬಿದ್ದಮೇಲೆ ಈ ಲೆಕ್ಕ ಯಾವುದೂ ನಿಮ್ಮ ಮಿಶ್ರಣಕ್ಕೆ ಅನ್ವಯಿಸುವುದಿಲ್ಲ. ಅಳತೆ ತಪ್ಪಿದ್ದರಂತೂ ಜೋಡಿ ಸಿಗದ ಎಪಾಕ್ಸಿ ಎಷ್ಟು ದಿನವಾದರೂ ಜಿಗುಟಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿ ಬ್ಯಾಕ್ಟೀರಿಯಾವಾದರೂ ಸಾಯುತ್ತದೆಯೇ? ಎಪಾಕ್ಸಿ ಸೀಲರ್ ತನ್ನಷ್ಟಕ್ಕೇ ಹಸಿಯಾಗಿದ್ದಾಗ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಗಟ್ಟಿಯಾದ ಮೇಲೆ ಆ ಗುಣ ಬಹುಪಾಲು ಹೋಗುತ್ತದೆ. ಜಿಂಕ್ ಆಕ್ಸೈಡ್–ಯುಜಿನಾಲ್ ಸೀಲರ್ ಇನ್ನೂ ಸ್ವಲ್ಪ ಕಾಲ ಯುಜಿನಾಲ್ (ಲವಂಗದೆಣ್ಣೆಯ ಸಾರ) ಬಿಡುತ್ತಿರುತ್ತದೆ, ಆದರೆ ಹಾಗೆ ಬಿಡುವುದೆಂದರೆ ಕರಗುವುದೇ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ ಸೀಲರ್ ಸುತ್ತ ಕಾಣುವ ಬೋಳು ವೃತ್ತ ತೋರಿಸಿ ಮಾರುವವರಿದ್ದಾರೆ. ಆ ವೃತ್ತ ದೊಡ್ಡದಾಗಲು ವಸ್ತು ಅಗರ್‌ನಲ್ಲಿ ಚೆನ್ನಾಗಿ ಹರಡಿದರೂ ಸಾಕು, ಕೊಲ್ಲುವ ಶಕ್ತಿಯೇ ಹೆಚ್ಚಿರಬೇಕೆಂದಿಲ್ಲ. ಬ್ಯಾಕ್ಟೀರಿಯಾವನ್ನು ಸೀಲರ್‌ಗೇ ತಾಗಿಸಿ ನೋಡುವ ನೇರ ಸಂಪರ್ಕ ಪರೀಕ್ಷೆಯ ಫಲಿತಾಂಶ ಕೇಳಿ, ಅದೂ ಗಟ್ಟಿಯಾದ ಸೀಲರ್‌ನದ್ದು.

ಕ್ಯಾಲ್ಸಿಯಂ ಸಿಲಿಕೇಟ್ ಸೀಲರ್‌ಗಳ ಕ್ಷಾರತೆ ದೊಡ್ಡ ಬಲ, ಹೌದು. ಆದರೆ ಹಲ್ಲಿನ ಒಳಪದರವಾದ ಡೆಂಟಿನ್ ಆ ಪಿಎಚ್ ಅನ್ನು ತಗ್ಗಿಸುತ್ತದೆ, ಎಂಟರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಪಿಎಚ್ 11ರವರೆಗೂ ಪ್ರೋಟಾನ್‌ಗಳನ್ನು ಒಳಗೆಳೆಯುವ ಪಂಪ್ ನಡೆಸಿಕೊಂಡು ಬದುಕಿಬಿಡುತ್ತದೆ. ಇವು ಗಟ್ಟಿಯಾಗಲು ಕೆನಾಲಿನ ತೇವವೂ ಬೇಕು. ಪೇಪರ್ ಪಾಯಿಂಟ್ (ಕೆನಾಲ್ ಒರೆಸುವ ಕಾಗದದ ಕಡ್ಡಿ) ಪೂರ್ತಿ ಒಣಗಿ ಬಂದರೂ ಬಿಡದೆ ಮತ್ತೆ ಮತ್ತೆ ಒರೆಸುವ ಎಪಾಕ್ಸಿ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ.

ಪ್ಯಾರಾಫಾರ್ಮಾಲ್ಡಿಹೈಡ್ ಇರುವ ಪೇಸ್ಟ್‌ಗಳ ಬಗ್ಗೆ ಚರ್ಚೆಯೇ ಬೇಡ. ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ನರವನ್ನೂ ಕೊಲ್ಲುತ್ತದೆ. ಕೆಳದವಡೆಯಲ್ಲಿ ಬೇರಿನ ತುದಿ ದಾಟಿ ನರದ ಕಾಲುವೆಗೆ ಇಳಿದರೆ ತುಟಿಯ ಮರಗಟ್ಟುವಿಕೆ ಶಾಶ್ವತವೂ ಆಗಬಹುದು.

ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ಕೆನಾಲ್ ಕೆರೆಯುವ ಫೈಲ್‌ನದ್ದು, ತೊಳೆಯುವ ಹೈಪೋಕ್ಲೋರೈಟ್‌ನದ್ದು. ಕೊನೆಗೆ, ಕೆರೆದ ಪುಡಿಯ ಪದರ ತೆಗೆಯಲು, 17% ಇಡಿಟಿಎ ದ್ರಾವಣ ಒಂದು ನಿಮಿಷ, ಆಮೇಲೆ ತೊಳೆದು ಸೀಲರ್. ಬ್ಯಾಕ್ಟೀರಿಯಾ ಕೊಲ್ಲುವ ಇನ್ನೊಂದು ದ್ರಾವಣ ಕ್ಲೋರ್‌ಹೆಕ್ಸಿಡಿನ್ ಬಳಸುವವರು ಹೈಪೋಕ್ಲೋರೈಟ್ ಪೂರ್ತಿ ಹೋಗಿದೆಯೇ ನೋಡಿಕೊಳ್ಳಿ. ಎರಡೂ ಸೇರಿದರೆ ಕಂದು ಗಸಿ ನಿಂತು ಡೆಂಟಿನ್ ರಂಧ್ರಗಳನ್ನು ಮುಚ್ಚುತ್ತದೆ. ಎಪಾಕ್ಸಿ ಪೇಸ್ಟುಗಳನ್ನು ಸಮ ಉದ್ದಕ್ಕೆ ಹಿಂಡಿ, ಬಣ್ಣದ ಗೆರೆ ಒಂದೂ ಉಳಿಯದಂತೆ ಕಲಸಿ.

ಕಲಸಿದ್ದರಲ್ಲಿ ಉಳಿದದ್ದನ್ನು ಒರೆಸಿ ಎಸೆಯಬೇಡಿ. ಗಾಜಿನ ಮೇಲೆ ಹಾಗೇ ಬಿಟ್ಟು, ಚೀಟಿಯಲ್ಲಿ ಬ್ಯಾಚ್ ಸಂಖ್ಯೆ ಬರೆದು 37 ಡಿಗ್ರಿಯಲ್ಲಿ, ತೇವದಲ್ಲಿ ಇಡಿ. ಆ ಸೀಲರ್ ಗಟ್ಟಿಯಾಗಲು ಹಿಡಿಯುವ ಸಮಯ ಕಳೆದ ಮೇಲೂ ಪ್ರೋಬ್ ಒತ್ತಿದಾಗ ಗುಳಿ ಬಿದ್ದರೆ ಕ್ರೌನ್‌ಗೆ ಅಳತೆ ತೆಗೆಯುವುದನ್ನು ನಿಲ್ಲಿಸಿ, ಮೊದಲು ಆ ಹಲ್ಲನ್ನು ಮತ್ತೆ ತೆರೆಯಿರಿ.