ದೇವರನ್ನು ನಂಬದವರಿಗೂ ಸದಸ್ಯತ್ವ: ಯುನಿಟೇರಿಯನ್ ಯುನಿವರ್ಸಲಿಸ್ಟ್ ಸಭೆಗಳು ಹೇಗಿವೆ?

ಅಮೆರಿಕದಲ್ಲಿ ನಾಲ್ಕು ಜನರ ಒಡನಾಟ ಬೇಕೆಂದು ನಾಸ್ತಿಕರು ಚರ್ಚು ಸೇರಬಹುದೇ? ಸೇರುವಾಗ ನಿಮ್ಮ ಬಾಯಲ್ಲಿ ಏನು ಹೇಳಿಸುತ್ತಾರೆ ಎಂಬುದನ್ನು ಮೊದಲು ನೋಡಿ. ಬಹುಪಾಲು ಚರ್ಚುಗಳಲ್ಲಿ ದೀಕ್ಷಾಸ್ನಾನ ಆಗಿರಬೇಕು, ಎಲ್ಲರೆದುರು ನಂಬಿಕೆಯನ್ನು ಸಾರಬೇಕು. ನಂಬದೆ ಆ ಮಾತು ಆಡಿದರೆ ಅಲ್ಲಿನ ಭಕ್ತರಿಗೆ ಮೋಸ ಮಾಡಿದಂತೆ. ಅಂಥ ಕಡೆ ಬಡವರಿಗೆ ದಿನಸಿ ಹಂಚುವ ಕೆಲಸಕ್ಕೆ ಕೈಜೋಡಿಸಿ, ಸದಸ್ಯತ್ವ ಬೇಡ.

ಯುನಿಟೇರಿಯನ್ ಯುನಿವರ್ಸಲಿಸ್ಟ್, ಅಂದರೆ 'ಯುಯು' ಸಭೆಗಳಲ್ಲಿ ಈ ತೊಡಕಿಲ್ಲ. ಎರಡು ಹಳೆಯ ಕ್ರೈಸ್ತ ಪಂಗಡಗಳು 1961ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆ ಇದು, ಕೇಂದ್ರ ಬಾಸ್ಟನ್. ನಾಸ್ತಿಕರು, ಬೌದ್ಧರು, ಕ್ರೈಸ್ತರು ಒಂದೇ ಸಾಲಿನಲ್ಲಿ ಕೂರುತ್ತಾರೆ.

ಭಾನುವಾರದ ಸಭೆ ಸುಮಾರು ಒಂದು ಗಂಟೆ: ಬಟ್ಟಲಿನಾಕಾರದ ದೀಪ ಹಚ್ಚುವುದು, ಹಾಡು, ಸದಸ್ಯರ ಸುಖದುಃಖ ಹಂಚಿಕೆ, ಪ್ರವಚನ, ಕಾಣಿಕೆ ತಟ್ಟೆ. ಹೊಸಬರು ತಟ್ಟೆಗೆ ಹಾಕಲೇಬೇಕೆಂದಿಲ್ಲ. ಕೊನೆಗೆ ಕಾಫಿ. ಎಷ್ಟೋ ಜನ ಕಾಫಿಗೂ ನಿಲ್ಲದೆ ಹೊರಟುಬಿಡುತ್ತಾರೆ, ಆರು ತಿಂಗಳಾದರೂ ಯಾರ ಪರಿಚಯವೂ ಆಗಲಿಲ್ಲ ಎನ್ನುತ್ತಾರೆ. ಪ್ರವಚನ ಕೇಳಿದರೆ ಗೆಳೆತನ ಬೆಳೆಯುವುದಿಲ್ಲ.

ಅದು ಬೆಳೆಯುವುದು ಚಿಕ್ಕ ಗುಂಪುಗಳಲ್ಲಿ. ಹಲವೆಡೆ ಇವಕ್ಕೆ 'ಚಾಲಿಸ್ ಸರ್ಕಲ್' ಎನ್ನುತ್ತಾರೆ. ಎಂಟು ಹತ್ತು ಜನ, ತಿಂಗಳಿಗೆ ಒಂದೆರಡು ಸಲ, ಸುಮಾರು ಎರಡು ಗಂಟೆ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಕೇಳಿದ್ದು ಹೊರಗೆ ಹೋಗುವಂತಿಲ್ಲ. ಬಾಣಂತನಕ್ಕೋ ಶಸ್ತ್ರಚಿಕಿತ್ಸೆಗೋ ಊರಿಂದ ಯಾರೂ ಬರಲಾಗದಿದ್ದಾಗ ಮನೆಗೆ ಅಡುಗೆ ತಂದುಕೊಡುವವರು ಸಾಮಾನ್ಯವಾಗಿ ಈ ಗುಂಪಿನವರೇ. ಹೊಸ ಗುಂಪುಗಳು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತವೆ, ಆಗಲೇ ಹೆಸರು ಕೊಡಿ. ಜುಲೈ, ಆಗಸ್ಟ್‌ನಲ್ಲಿ ಚಟುವಟಿಕೆ ತೆಳುವಾಗಿರುತ್ತದೆ. ಆಗ ಹೋಗಿ ನೋಡಿ ಸಭೆಯನ್ನು ಅಳೆಯಬೇಡಿ.

ಮಕ್ಕಳಿಗೆ ಪ್ರತ್ಯೇಕ ತರಗತಿಗಳಿವೆ. ಹದಿಹರೆಯದವರ ಲೈಂಗಿಕ ಶಿಕ್ಷಣದ 'ಅವರ್ ಹೋಲ್ ಲೈವ್ಸ್' ಪಠ್ಯಕ್ರಮ ಅಚ್ಚುಕಟ್ಟಾಗಿದೆ. ಮೊದಲು ತಂದೆತಾಯಿಗೆ ಪಾಠದ ಪರಿಚಯ ಮಾಡಿಸುತ್ತಾರೆ.

ಸದಸ್ಯರಾಗಲು ಸಾಮಾನ್ಯವಾಗಿ ಒಂದು ಪರಿಚಯ ತರಗತಿ, ಆಮೇಲೆ ಸದಸ್ಯರ ಪುಸ್ತಕದಲ್ಲಿ ಸಹಿ. ಸಹಿಗೆ ಮುಂಚೆ ಬೈಲಾ ಕೇಳಿ ಓದಿ. ವರ್ಷಕ್ಕೆ ಇಷ್ಟು ಕೊಡುತ್ತೇನೆಂಬ 'ಪ್ಲೆಜ್' ಕಡ್ಡಾಯವೇ, ಕಷ್ಟವಿದ್ದವರಿಗೆ ವಿನಾಯಿತಿ ಇದೆಯೇ, ಮತದ ಹಕ್ಕು ಯಾವಾಗ ಸಿಗುತ್ತದೆ ಎಂಬುದು ಅದರಲ್ಲಿರುತ್ತದೆ. ಚಾವಣಿ ರಿಪೇರಿಯಿಂದ 'ಮಿನಿಸ್ಟರ್', ಅಂದರೆ ಸಭೆಯ ಧರ್ಮಗುರುವಿನ ಸಂಬಳದವರೆಗೆ ಬಹುಪಾಲು ಖರ್ಚು ಸದಸ್ಯರ ಹಣದಿಂದಲೇ ನಡೆಯಬೇಕು, ಆದ್ದರಿಂದ ದುಡ್ಡಿನ ಮಾತು ಬಂದೇ ಬರುತ್ತದೆ. ಮಿನಿಸ್ಟರನ್ನು ಆರಿಸುವುದೂ ಸದಸ್ಯರ ಮತದಿಂದಲೇ.

ಕೊರತೆಗಳೂ ಇವೆ. ಹಲವು ಸಭೆಗಳು ಚಿಕ್ಕವು, ವಯಸ್ಸಾದವರೇ ಹೆಚ್ಚು. ಜನ ಸಾಲದ್ದರಿಂದ ಹೊಸಬರನ್ನು ಬೇಗ ಯಾವುದಾದರೂ ಸಮಿತಿಗೆ ಎಳೆಯುತ್ತಾರೆ. ಮೊದಲ ವರ್ಷ ಒಂದೇ ಕೆಲಸ ಒಪ್ಪಿಕೊಳ್ಳಿ, ಇಲ್ಲವಾದರೆ ದಣಿದು ಬಿಟ್ಟೇ ಹೋಗುತ್ತೀರಿ. ರಾಜಕೀಯವಾಗಿ ಹೆಚ್ಚಿನವರು ಲಿಬರಲ್, ಬಲಪಂಥೀಯರಿಗೆ ಇಲ್ಲಿ ಇರುಸುಮುರುಸು. ಕೆಲವು ಸಭೆಗಳಲ್ಲಿ ಪ್ರಾರ್ಥನೆ, 'ಗಾಡ್' ಪದ ಧಾರಾಳ, ಕೆಲವೆಡೆ ಅದರ ಸುಳಿವೇ ಇಲ್ಲ. ಯೂಟ್ಯೂಬ್‌ನಲ್ಲಿ ಸಭೆ ಹಾಕುವವರಿದ್ದರೆ ನಾಲ್ಕಾರು ಪ್ರವಚನ ನೋಡಿಯೇ ಹೋಗಿ.

ದೇವರ ಸೋಂಕೇ ಬೇಡವೆನ್ನುವವರಿಗೆ 'ಸಂಡೇ ಅಸೆಂಬ್ಲಿ' ಇದೆ, 2013ರ ಜನವರಿಯಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಹಾಡು, ಭಾಷಣ, ಉತ್ಸಾಹ ಎಲ್ಲ ಚೆನ್ನಾಗಿದೆ. ಆದರೆ ಸ್ವಂತ ಕಟ್ಟಡವಿಲ್ಲದೆ, ಎಲ್ಲವೂ ಸ್ವಯಂಸೇವಕರ ತಲೆಯ ಮೇಲೆ ನಿಂತಾಗ ಅವರು ಸೋತ ದಿನ ಶಾಖೆಯೂ ಮುಚ್ಚುತ್ತದೆ. ಹಲವು ಮುಚ್ಚಿವೆ. ಯುಯು ಸಭೆಗಳು ತಾಳಿಕೊಂಡಿರುವುದು ತಪ್ಪದೆ ಬರುವ ಆ ಪ್ಲೆಜ್ ಹಣದಿಂದಲೇ.